ಫ್ಯಾನು ನಿಲ್ಲಿಸಿ ಕೇಳುವವನು

ಕೋಳಿ ಸಾಕುವವರೆಲ್ಲ ಅವನನ್ನು ‘ಕಿವಿ’ ಅಂತಲೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಆದರೆ ಆ ಪುಣ್ಯಾತ್ಮನ ಕಿವಿಗೆ ಅವಳ ಮಾತು ಮಾತ್ರ ಬೀಳುತ್ತಿರಲಿಲ್ಲ.

ಸಂಜೆ ಯಾರದಾದರೂ ಶೆಡ್ಡಿಗೆ ಹೋಗಿ, ಫ್ಯಾನು ನಿಲ್ಲಿಸಿ, ದೀಪ ಆರಿಸಿ, ಕೋಳಿಗಳು ತೆಪ್ಪಗಾಗುವ ತನಕ ಕಾಯುವುದೇ ಅವನ ಕೆಲಸ. ಆಮೇಲೆ ಉಸಿರು ಬಿಗಿಹಿಡಿದು ಕೇಳುತ್ತಿದ್ದ. ಐದು ಸಾವಿರ ಕೋಳಿಗಳಲ್ಲಿ ನಾಲ್ಕಕ್ಕೆ ಗೊರಗೊರ ಶುರುವಾಗಿದ್ದರೂ ಹಿಡಿದುಬಿಡುತ್ತಿದ್ದ. ಅದು ಉಸಿರಾಟದ ವೈರಸ್ ರೋಗದ ಗುರುತು, ಅದಕ್ಕೆ ಮದ್ದಿಲ್ಲ. ಬೇಗ ಗೊತ್ತಾದರೆ ಪಕ್ಕದ ಶೆಡ್ಡನ್ನಾದರೂ ಉಳಿಸಿಕೊಳ್ಳಬಹುದು, ಅಷ್ಟೇ. ಇಪ್ಪತ್ತು ವರ್ಷ ಅವನು ಹೇಳಿದ್ದೇ ಕೊನೆಯ ಮಾತಾಗಿತ್ತು.

ಆ ವರ್ಷ ಪಶುವೈದ್ಯೆ ಫಾರಂ ಫಾರಂಗೆ ಹೋಗಿ, ಕೋಳಿಗಳ ಗಂಟಲಿಗೆ ಹತ್ತಿಕಡ್ಡಿ ಆಡಿಸಿ ಪರೀಕ್ಷೆ ಮಾಡಿಸಿದರು. ಹತ್ತು ಫಾರಂಗಳಲ್ಲಿ ಏಳಕ್ಕೆ ರೋಗ ತಗುಲಿತ್ತು. ಅವನ ತಂಗಿಯ ಫಾರಂಗೆ ಅವರು ಬರುವುದಕ್ಕೆ ಇನ್ನೂ ಒಂದು ವಾರವಿತ್ತು. ಗಂಡನಿಲ್ಲದ ಅವಳಿಗೆ ಇದ್ದದ್ದು ಎರಡೇ ಶೆಡ್ಡು, ಒಂದರಲ್ಲಿ ಮೊಟ್ಟೆಕೋಳಿ, ಇನ್ನೊಂದರಲ್ಲಿ ತಿಂಗಳ ಮರಿ. ಹೆದರಿ ಅಣ್ಣನನ್ನು ಕರೆಸಿದಳು. ಅವನು ಮೊಟ್ಟೆಕೋಳಿಗಳ ನಡುವೆ ನಿಂತು ಬಹಳ ಹೊತ್ತು ಕೇಳಿದ. ಎಲ್ಲ ಚೆನ್ನಾಗಿದೆ, ನಿಶ್ಚಿಂತೆಯಿಂದ ಇರು ಅಂತ ಹೇಳಿ, ಚಹಾ ಕುಡಿದು ಹೋದ. ಅವಳು ನಂಬಿದಳು, ಆಮೇಲೆ ಕೇಳಿಸಿದ ಕೆಮ್ಮನ್ನೂ ಧೂಳಿಗೆ ಅಂದುಕೊಂಡಳು. ಅದೇ ಬೂಟು ಹಾಕಿಕೊಂಡು, ಅದೇ ಬಕೆಟ್ ಹಿಡಿದು ಎರಡೂ ಶೆಡ್ಡಿಗೆ ಓಡಾಡಿದಳು.

ವಾರದ ನಂತರ ಪಶುವೈದ್ಯೆ ಕಡ್ಡಿ ಕೂಡ ತೆಗೆಯಲಿಲ್ಲ. ಬಾಗಿಲಲ್ಲೇ ನಿಂತು, ಇಷ್ಟು ಕೆಮ್ಮುತ್ತಿದ್ದರೂ ಯಾರೂ ಕೇಳಿಸಿಕೊಳ್ಳಲಿಲ್ಲವಾ ಅಂದರು. ಪಕ್ಕದಲ್ಲೇ ಇದ್ದ ಅವನು ನೋಡಿದ. ಕೋಳಿಗಳು ಕತ್ತು ಚಾಚಿ ಕೊಕ್ಕು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಸದ್ದೇ ಇಲ್ಲ. ಟೀವಿ ಅಷ್ಟು ಜೋರಾಗಿ ಇಡಬೇಡ ಅಂತ ಹೆಂಡತಿ ಒಂದು ವರ್ಷದಿಂದ ಜಗಳವಾಡುತ್ತಿದ್ದದ್ದು ಆಗ ನೆನಪಾಯಿತು. ನೆಲ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು.

ತಂಗಿ ಒಂದು ಮಾತೂ ಬೈಯಲಿಲ್ಲ. ಸಂಜೆ ಮರಿಗಳ ಶೆಡ್ಡಿನ ಮುಂದೆ ಅವನ ತೋಳು ಹಿಡಿದುಕೊಂಡಳು.

“ಅಣ್ಣ, ಇವನ್ನಾದ್ರೂ ಒಂದ್ಸಲ ಕೇಳಿ ಹೇಳು.”

ಅವನು ಅವಳ ಜೊತೆ ಒಳಗೆ ಹೋಗಿ ಫ್ಯಾನು ನಿಲ್ಲಿಸಿ, ದೀಪ ಆರಿಸಿದ. ಮರಿಗಳು ಚೆನ್ನಾಗಿವೆ ಅನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡ.

“ನಂಗೆ ಕೇಳ್ಸಲ್ಲ ಕಣೇ. ನೀನೇ ಕೇಳು.”

ಅವಳು ಅವನನ್ನೇ ನೋಡಿದಳು. ಆಮೇಲೆ ಉಸಿರು ಬಿಗಿಹಿಡಿದು ನಿಂತಳು. ಬಾಗಿಲಿನಿಂದ ಬರುತ್ತಿದ್ದ ಬೆಳಕಲ್ಲಿ ಅವನು ತಂಗಿಯ ಮುಖ ನೋಡುತ್ತಾ ಕಾದ. ಸ್ವಲ್ಪ ಹೊತ್ತಿಗೆ ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು.

ಅವನು ಹೋಗಿ ಫ್ಯಾನು ಹಾಕಿದ.