ಪ್ರಮಾಣವಿಲ್ಲದ ಟ್ಯಾಂಕು

ನಮ್ಮ ಕೂಡ್ಲಿಗಿ ಸೀಮೆಯಲ್ಲಿ ಟ್ಯಾಂಕು ಎಂದರೆ ನೀರಿನದು. ಅದು ಓಡಾಡುವುದಿಲ್ಲ, ಗುಂಡು ಹಾರಿಸುವುದಿಲ್ಲ. ಬೇಸಿಗೆಯಲ್ಲಿ ತುಂಬಿರುವುದೂ ಇಲ್ಲ. ಇಂಥ ಊರಿನ ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮಾಸ್ತರನಾಗಿದ್ದಾಗ, ಎಪ್ಪತ್ತೊಂದರ ಯುದ್ಧ ಮುಗಿದ ಮರುವರ್ಷ, ಶಾಲೆಯ ವಸ್ತುಪ್ರದರ್ಶನಕ್ಕೆ ಯುದ್ಧದ ಟ್ಯಾಂಕಿನ ಮಾದರಿಯೊಂದನ್ನು ಮಾಡಿಕೊಡಬೇಕೆಂದು ಹೆಡ್‌ಮಾಸ್ತರರು ಅಪ್ಪಣೆ ಮಾಡಿದರು. ಅವರು ಗಣಿತದವರು. ಮಾದರಿ ಚೆಂದವಾಗಿರದಿದ್ದರೂ ಚಿಂತೆಯಿಲ್ಲ, ಪ್ರಮಾಣಬದ್ಧವಾಗಿರಬೇಕು ಎಂಬ ಷರತ್ತನ್ನೂ ಸೇರಿಸಿದರು.

ಪ್ರಮಾಣ ಎಂಬ ಶಬ್ದಕ್ಕೆ ನಮ್ಮಲ್ಲಿ ಅಳತೆ ಎಂದೂ ಅರ್ಥ, ಆಧಾರ ಎಂದೂ ಅರ್ಥ, ಆಣೆ ಎಂದೂ ಅರ್ಥ. ನನಗೆ ಬೇಕಾಗಿದ್ದದ್ದು ಮೊದಲನೆಯದು. ಅದಕ್ಕೆ ಎರಡನೆಯದು ಸಿಗಬೇಕು. ಎರಡೂ ಇಲ್ಲದವನಿಗೆ ಉಳಿದದ್ದು ಮೂರನೆಯದು. ದೇವರಾಣೆಗೂ ನಾನು ಯುದ್ಧದ ಟ್ಯಾಂಕು ಕಂಡವನಲ್ಲ.

ಗ್ರಂಥಾಲಯದವರು ಸಜ್ಜನರು. ಟ್ಯಾಂಕಿನ ಪುಸ್ತಕ ಬೇಕೆಂದ ಕೂಡಲೇ ಧೂಳು ಝಾಡಿಸಿ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಕೈಗಿಟ್ಟರು. ಮನೆಗೆ ತಂದು ಓದಿದರೆ ಅದು ಕೆರೆಗಳ ಹೂಳಿನ ಕುರಿತಾದದ್ದು. ಓದು ವ್ಯರ್ಥವಾಗಲಿಲ್ಲವೆನ್ನಿ, ಏರಿ, ತೂಬು, ಕೋಡಿಗಳ ವಿಷಯದಲ್ಲಿ ನಾನು ಇವತ್ತಿಗೂ ಯಾರೊಡನೆ ಬೇಕಾದರೂ ವಾದಕ್ಕೆ ನಿಲ್ಲಬಲ್ಲೆ.

ಅಷ್ಟರಲ್ಲಿ ಕೊಟ್ಟೂರಿನ ಒಂದು ಕ್ಷೌರದಂಗಡಿಯ ಗೋಡೆಯ ಮೇಲೆ ಟ್ಯಾಂಕಿನ ಚಿತ್ರವಿದೆಯೆಂಬ ಸುದ್ದಿ ಬಂತು. ಕಟಿಂಗು ಆಗಿ ವಾರವೂ ಕಳೆದಿರಲಿಲ್ಲವಾದರೂ ಕಲೆಗಾಗಿ ಇನ್ನೊಮ್ಮೆ ತಲೆ ಕೊಟ್ಟೆ. ವಾರಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಚಿತ್ರ, ನಿಜಕ್ಕೂ ಟ್ಯಾಂಕೇ. ಆದರೆ ಅದರ ಹಿಂಭಾಗದ ಮೇಲೆ ಯಾರೋ ಚಿತ್ರತಾರೆಯ ಪಟವನ್ನು ಅಂಟಿಸಿದ್ದರು. ಗಾಲಿಗಳನ್ನು ಗೋಡೆಗನ್ನಡಿ ನುಂಗಿತ್ತು. ಆ ಪಟವನ್ನು ತುಸು ಬಿಡಿಸಬಹುದೇ ಎಂದು ಕೇಳಿದ್ದಕ್ಕೆ ಅಂಗಡಿಯಾತ ಕತ್ತರಿಯನ್ನು ನನ್ನ ಕಿವಿಯ ಬಳಿಯೇ ನಿಲ್ಲಿಸಿ, ಗಿರಾಕಿಗಳು ಬರುವುದು ಟ್ಯಾಂಕು ನೋಡಲಿಕ್ಕಲ್ಲವೆಂದು ತಿಳಿಸಿದ. ಕಿವಿಯ ಹಿತದೃಷ್ಟಿಯಿಂದ ನಾನು ಒತ್ತಾಯಿಸಲಿಲ್ಲ. ಕನಿಕರಗೊಂಡ ಆತನೇ, ಹಡಗಲಿ ಕಡೆಯ ಹನುಮಂತಪ್ಪನೆಂಬವನು ಮಿಲ್ಟ್ರಿಯಲ್ಲಿ ಟ್ಯಾಂಕು ಓಡಿಸುತ್ತಿದ್ದನೆಂದೂ, ಈಗ ಊರಿಗೆ ಮರಳಿ ಮಲ್ಲಿಗೆ ಬೆಳೆಯುತ್ತಿದ್ದಾನೆಂದೂ ಹೇಳಿದ.

ಮುಂದಿನ ಭಾನುವಾರವೇ ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ ಹೂವಿನಹಡಗಲಿಗೆ ಹೋದೆ. ಹನುಮಂತಪ್ಪ ಗಿಡಗಳ ನಡುವೆ ಕುಕ್ಕರಗಾಲಿನಲ್ಲಿ ಕೂತಿದ್ದ. ಅವನ ಹೆಂಡತಿ ರತ್ನಮ್ಮ ಮೊಗ್ಗು ಬಿಡಿಸುತ್ತಿದ್ದಳು. ಕುಶಲ ಮುಗಿದದ್ದೇ ಪೆನ್ಸಿಲು ಹಿರಿದು, ಟ್ಯಾಂಕಿಗೆ ಗಾಲಿ ಎಷ್ಟೆಂದು ಕೇಳಿದೆ. ಆತ ಬೆರಳು ಮಡಚುತ್ತ ಹೋಗಿ ನಡುವೆಯೇ ಬಿಟ್ಟ.

“ಗ್ರೀಸು ಹಚ್ಚೇನ್ರಿ, ಎಣಿಸಿದ್ದು ನೆಪ್ಪಿಲ್ಲ. ನಾ ಒಳಗ ಇರ್ತಿದ್ದೆ, ಮಾಸ್ತರ್ರ. ಹೊರಗ ನಿಂತು ನೋಡಿದೋರು ವೈರಿಗಳು. ಅವರನ್ನ ಕೇಳಬೇಕು.”

ವೈರಿಗಳ ವಿಳಾಸ ನನ್ನ ಬಳಿ ಇರಲಿಲ್ಲ. ಒಳಗೆ ಹೇಗಿತ್ತೆಂದಾದರೂ ಹೇಳು ಎಂದೆ. ಹೇಳುವುದು ಅವನಿಗೆ ಒಗ್ಗಲಿಲ್ಲ. ಹೂವಿನ ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತ. ಬೆನ್ನು ಬಾಗಿಸಿದ, ಮಂಡಿಗಳನ್ನು ಎದೆಯತ್ತ ಎಳೆದುಕೊಂಡ, ಕಾಣದ ಎರಡು ಹಿಡಿಗಳನ್ನು ಮುಷ್ಟಿಯಲ್ಲಿ ಹಿಡಿದ, ಕಣ್ಣ ಮುಂದೆ ಎರಡು ಬೆರಳು ಅಡ್ಡವಿಟ್ಟು, ಹೊರಗಿನ ಲೋಕವೆಲ್ಲ ಕಂಡದ್ದು ಇಷ್ಟೇ ಎಂದು ತೋರಿಸಿದ. ಒಳಗಿನ ಕಾವು, ಡೀಸೆಲ್ಲಿನ ವಾಸನೆ, ಹಲ್ಲು ಕಟಕಟಿಸುವಂಥ ಸದ್ದು ಎಲ್ಲವನ್ನೂ ಆ ಬುಟ್ಟಿಯ ಮೇಲೆ ಕೂತೇ ಅಭಿನಯಿಸಿದ. ಚಹಾ ತಂದ ರತ್ನಮ್ಮ ಲೋಟ ಕೊಡುವುದನ್ನೇ ಮರೆತು ನಿಂತುಬಿಟ್ಟಳು. ಮದುವೆಯಾಗಿ ಇಷ್ಟು ವರ್ಷವಾದರೂ ಗಂಡ ಆ ಮಾತೆತ್ತಿದವನಲ್ಲವಂತೆ.

ನನಗೆ ಆಗ ಹೊಳೆಯಿತು: ಟ್ಯಾಂಕಿನ ಅಳತೆ ಸಿಗದಿದ್ದರೇನು, ಮನುಷ್ಯನ ಅಳತೆ ಸಿಕ್ಕಿತಲ್ಲ! ದರ್ಜಿಯ ಟೇಪು ತೆಗೆದು ಹನುಮಂತಪ್ಪನ ಬೆನ್ನಿನಿಂದ ಮಂಡಿಗೆ, ಮಂಡಿಯಿಂದ ಪಾದಕ್ಕೆ, ನೆತ್ತಿಯಿಂದ ಬುಟ್ಟಿಗೆ ಅಳೆದೆ. ಜಗತ್ತಿನಲ್ಲಿ ಟ್ಯಾಂಕಿಗಾಗಿ ಮನುಷ್ಯರನ್ನು ಹುಡುಕುತ್ತಾರೆ. ನಾನು ಮನುಷ್ಯನ ಸುತ್ತ ಟ್ಯಾಂಕು ಕಟ್ಟಿದೆ. ಮೊದಲು ಜೇಡಿಮಣ್ಣಿನ ಗೇಣುದ್ದದ ಚಾಲಕ ಕೂತ. ಆಮೇಲೆ ಅವನ ಸುತ್ತ ರಟ್ಟು, ತಗಡು. ಕೊಡೆಯ ಕೋಲಿನ ತೋಪು. ಸೈಕಲ್ ಚೈನಿನ ಪಟ್ಟಿ. ಒಳಗು ಕಾಣಲೆಂದು ಮೇಲೊಂದು ತೆರೆಯುವ ಮುಚ್ಚಳ.

ಪ್ರದರ್ಶನದ ದಿನ ಹೆಡ್‌ಮಾಸ್ತರರು ಒಂದು ಬದಿಯ ಗಾಲಿ ಎಣಿಸಿದರು, ಐದು. ಆಚೆ ಬದಿಗೆ ಹೋಗಿ ಎಣಿಸಿದರು, ಆರು. ನನ್ನ ಮುಖ ನೋಡಿದರು. ತಿರುಗುವಾಗ ಅನುಕೂಲ ಎಂದೆ. ಅವರು ಒಪ್ಪಲಿಲ್ಲ, ಆದರೆ ಅಲ್ಲಗಳೆಯಲು ಅವರಲ್ಲೂ ಆಧಾರವಿರಲಿಲ್ಲ.

ಮಧ್ಯಾಹ್ನ ಹನುಮಂತಪ್ಪ ದಂಪತಿ ಬಂದರು. ಆತ ಮಾದರಿಯ ಸುತ್ತ ಅಪರಿಚಿತನಂತೆ ಒಂದು ಸುತ್ತು ಹಾಕಿ, ಹಿಂಗ ಇದ್ದರೂ ಇರಬಹುದು ಎಂದ. ರತ್ನಮ್ಮ ಮಾತ್ರ ಹೊರಗನ್ನು ನೋಡಲೇ ಇಲ್ಲ. ಮುಚ್ಚಳ ಎತ್ತಿಸಿ ಬಗ್ಗಿದಳು. ಮಂಡಿ ಮಡಚಿ ಕೂತ ಮಣ್ಣಿನ ಮನುಷ್ಯನನ್ನೇ ದಿಟ್ಟಿಸಿದಳು.

“ಕಾಲು ಎಲ್ಲಿ ಚಾಚತಿದ್ರಿ?” ಎಂದು ಗಂಡನನ್ನು ಕೇಳಿದಳು.

“ಚಾಚತಿದ್ದಿಲ್ಲ.”

ಅವಳು ಮುಚ್ಚಳ ಮುಚ್ಚಿ ನೆಟ್ಟಗಾದಳು. “ಅದಕ್ಕ ಈಗೂ ಹಂಗ ಕಾಲು ಮಡಚಿ ಮುದ್ದಿಯಾಗಿ ಮಲಗ್ತೀರಿ. ಛಳಿ ಆಗಿರಬೇಕಂತ ನಾ ದಿನಾ ಇನ್ನೊಂದು ಕೌದಿ ಹೊಚ್ಚತಿದ್ದೆ.”

ಹನುಮಂತಪ್ಪ ಅತ್ತಿತ್ತ ನೋಡಿದ. ನಾನು ಗಾಲಿ ಸರಿಪಡಿಸುವವನಂತೆ ಬಗ್ಗಿಕೊಂಡೆ.

“ಕೌದಿ ಬ್ಯಾಡಂತ ನಾ ಯಾವತ್ತರ ಅಂದೀನೇನು?” ಎಂದ ಆತ, ಮೆಲ್ಲಗೆ.