ಅವ್ವನಿಗೆಂದು ತೆಗೆದ ಬೆಟ್ಟ

ಶಿರಗುಪ್ಪಿಯ ಕುಣಾಲ ತೆಗೆದ ಫೋಟೋ ಮೊದಲು ನೋಡುವವಳು ಅವನ ಅವ್ವ ಜಿನಮತಿ. ಮದುವೆಯದಿರಲಿ, ಬಸುರಿಯ ಕುಬಸದ್ದಿರಲಿ, ಮೊಬೈಲನ್ನು ಮೂಗಿನ ತನಕ ತಂದುಕೊಂಡು ತಪ್ಪು ಹುಡುಕುವಳು. "ಓರೆ ಆಗೈತಿ ನೋಡಪಾ. ನಿಂತ ಮಂದಿ ಬೀಳಾಕತ್ತಾರ."

ಗಂಡ ತೀರಿಕೊಂಡ ಮೇಲೆ ಆಕೆಗೆ ಉಳಿದದ್ದು ಒಂದೇ ಆಸೆ, ಜೈನ ಸಂನ್ಯಾಸಿನಿಯಾಗಿ ದೀಕ್ಷೆ ತೆಗೆದುಕೊಳ್ಳುವುದು. ದೀಕ್ಷೆಯಾದ ಮೇಲೆ ಆಕೆ ಯಾರ ಅವ್ವನೂ ಅಲ್ಲ. ಎರಡು ಸಲ ಮಗನ ಒಪ್ಪಿಗೆ ಕೇಳಿದಳು. ಎರಡು ಸಲವೂ ಕುಣಾಲ ಊಟದ ಗಂಗಾಳದ ಮುಂದಿನಿಂದ ಎದ್ದು ಹೋದ.

ಮಳೆಗಾಲಕ್ಕೆ ಮೊದಲು ನಿಪ್ಪಾಣಿಯ ಜೋಡಿಯೊಂದು ಮದುವೆಗೆ ಮುಂಚಿನ ಫೋಟೋ ತೆಗೆಸಲು ಅವನನ್ನು ಬಾಲಿ ದ್ವೀಪಕ್ಕೆ ಕರೆಯಿತು. ಎಂದೂ ವಿಮಾನ ಹತ್ತದವನು ಹಿಂದೆಮುಂದೆ ನೋಡಿದ. ಅವ್ವನೇ ಶೇಂಗಾ ಹೋಳಿಗೆ ಕಟ್ಟಿಕೊಟ್ಟು ಹೊರಡಿಸಿದಳು.

"ಅಲ್ಲಿ ಬೆಂಕಿ ಉಗುಳೋ ಗುಡ್ಡ ಐತಂತಲ್ಲ, ಅದರದೊಂದು ಫೋಟೋ ನನಗ ತಗೊಂಡ್ ಬಾ."

"ನಾ ಬರೋತನ ಎಲ್ಲೂ ಹೋಗಬ್ಯಾಡ."

"ಇದ ಊರಾಗ ಇರ್ತೀನಿ."

ಆಕೆ ಸುಳ್ಳು ಹೇಳುವವಳಲ್ಲ.

ಆ ಬೆಟ್ಟದ ಕರಿಬೂದಿಯಲ್ಲಿ ಏದುಸಿರು ಬಿಡುತ್ತಾ ಹತ್ತಿದ ಕುಣಾಲನಿಗೆ, ಹೊತ್ತು ಹುಟ್ಟುವಾಗ ಕಂಡ ಹೊಗೆ ಬೆಲ್ಲದ ಗಾಣದ ಹೊಗೆಯ ಹಾಗೇ ಇತ್ತು. ಬೂದಿಯಲ್ಲಿ ಕಾಲು ಜಾರಿ ಫೋಟೋದಲ್ಲಿ ಬೆಟ್ಟ ತುಸು ಓರೆಯಾಗಿ ಬಂತು. ಸರಿಮಾಡಲು ಒಂದು ಗಳಿಗೆ ಸಾಕಿತ್ತು. ಅವ್ವ ಬೈಯಲೆಂದೇ ಹಾಗೆ ಬಿಟ್ಟ.

ಎಂಟು ದಿನಕ್ಕೆ ಮರಳಿದಾಗ ಮನೆಗೆ ಕೀಲಿ ಹಾಕಿತ್ತು. ಕಟ್ಟೆಯ ಮೇಲೆ ಸೋದರಮಾವ ಭೀಮಗೊಂಡ ಕೂತಿದ್ದ. ಮೂರನೆಯ ದಿನವೇ ಊರ ಬಸದಿಯಲ್ಲಿ ದೀಕ್ಷೆಯಾಯಿತೆಂದೂ, ಮಗನ ಬದಲು ತಾನೇ ಒಪ್ಪಿಗೆ ಕೊಟ್ಟೆನೆಂದೂ ನೆಲ ನೋಡುತ್ತಲೇ ಹೇಳಿದ.

"ಅಂವ ಎದುರಿಗಿದ್ರ ದೀಕ್ಷಾದಾಗ ನನ್ನ ತೆಲಿಗೂದಲ ನಾನ ಕೀಳಾಕ ಕೈ ಏಳೂದಿಲ್ಲ ಅಂದ್ಳಪಾ."

ಹೆಗಲ ಚೀಲ ಇಳಿಸದೆಯೇ ಕುಣಾಲ ಬಸದಿಗೆ ನಡೆದ. ಒಳಗೆ ಆಕೆ ಕೂತಿದ್ದಳು: ಬಿಳಿ ಸೀರೆ, ಬೋಳು ತಲೆ, ಕೈಯಲ್ಲಿ ನವಿಲುಗರಿಯ ಪಿಂಛಿ. ಗಂಡಸರು ದೂರದಿಂದಲೇ ನಮಸ್ಕರಿಸಬೇಕೆಂದು ಯಾರೋ ಅವನನ್ನು ತಡೆದು ನಿಲ್ಲಿಸಿದರು. ಬಾಯಿಗೆ ಬಂದ ಅವ್ವಾ ಎಂಬುದನ್ನು ನುಂಗಿ, "ವಂದಾಮಿ ಮಾತಾಜಿ," ಎಂದ. ಸಾಲಿನಲ್ಲಿ ಮುಂದಿದ್ದ ಹೆಂಗಸನ್ನು ಹರಸಿದ ದನಿಯಲ್ಲೇ ಆಕೆ ಅವನನ್ನೂ ಹರಸಿದಳು.

ಕುಣಾಲ ಬೆಟ್ಟದ ಫೋಟೋ ತೆರೆದು ಮೊಬೈಲ್ ಎತ್ತಿ ಹಿಡಿದ. ಅಷ್ಟು ದೂರದಿಂದ ಆಕೆಗೆ ಏನೂ ಕಾಣದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೂ ಕಾದ.

"ಓರೆ ಆಗೈತ್ರಿ," ಎಂದು ಕಡೆಗೆ ತಾನೇ ಹೇಳಿದ.

ಪಿಂಛಿ ಹಿಡಿದ ಬೆರಳುಗಳು ಒಮ್ಮೆ ಬಿಗಿಯಾದವು. ಆಕೆ ಕಣ್ಣು ತಗ್ಗಿಸಿದಳು. ಹಿಂದೆ ಸಾಲಿನಲ್ಲಿದ್ದವರಿಗೆ ಕುಣಾಲ ದಾರಿ ಬಿಟ್ಟ.