ಮಂದೂಬ್ ಕಾಕ ಹುಡುಕಿದ ಫೈಲು

ಅವರ ಬಿಳಿ ಅಂಗಿಗಳಿಗೆಲ್ಲ ಎಡಗಂಕುಳಲ್ಲಿ ಹಸಿರು ಕಲೆ. ಸೌದಿಯಲ್ಲಿ ಸರ್ಕಾರಿ ಕಚೇರಿಗೆ ಏನು ಅರ್ಜಿ ಕೊಡುವುದಿದ್ದರೂ ಹಸಿರು ರಟ್ಟಿನ ಫೈಲಿನಲ್ಲಿಟ್ಟೇ ಕೊಡಬೇಕು. ಆ ಫೈಲನ್ನು ಅವರು ಕೈಯಲ್ಲಿ ಹಿಡಿದದ್ದನ್ನು ನಾನು ನೋಡಿಲ್ಲ, ಸದಾ ಕಂಕುಳಲ್ಲಿ ಅವುಚಿಕೊಂಡೇ ಇರುತ್ತಿದ್ದರು. ಜಿದ್ದಾದ ಬೆವರಿಗೆ ರಟ್ಟು ಬಣ್ಣ ಬಿಟ್ಟು ಅಂಗಿಗೆ ಇಳಿಯುತ್ತಿತ್ತು. "ಕಾಕ, ನಿಮ್ಮ ಕಂಕುಳಲ್ಲಿ ಪಾಚಿ ಕಟ್ಟಿದೆ" ಎಂದು ನಾನು ಛೇಡಿಸಿದರೆ, "ಇರ್ಲಿ ಮಾರಾಯ, ಈ ಊರಲ್ಲಿ ಅಷ್ಟಾದ್ರೂ ಹಸಿರು ಬೇಡ್ವಾ?" ಎನ್ನುತ್ತಿದ್ದರು.

ಉಳ್ಳಾಲದ ಕಡೆಯ ಬ್ಯಾರಿ. ನಮ್ಮ ಕಂಪೆನಿಯ ಮಂದೂಬ್, ಅಂದರೆ ಕೆಲಸಗಾರರ ಇಕಾಮಾ ಎನ್ನುವ ವಾಸದ ಪರವಾನಗಿ, ವೀಸಾ, ಪೊಲೀಸು, ಕೋರ್ಟು ಎಂದು ಕಚೇರಿಯಿಂದ ಕಚೇರಿಗೆ ಅಲೆಯುವ ಮನುಷ್ಯ. ಕನ್ನಡ ಶಾಲೆಯಲ್ಲಿ ಐದನೆಯ ಕ್ಲಾಸು ಓದಿದ್ದರು. ಅರಬಿ ಅಕ್ಷರ ಕಲಿತದ್ದು ಮದರಸದಲ್ಲಿ, ಮಾತು ಕಲಿತದ್ದು ಜಿದ್ದಾ ಬಂದರಿನಲ್ಲಿ. ನಾನು ಕುಂದಾಪುರದ ಶೆಟ್ಟಿ, ಅದೇ ಕಂಪೆನಿಯ ಗೋದಾಮಿನಲ್ಲಿ ಸ್ಟೋರ್ ಕೀಪರ್. ಅವರನ್ನು ಎಲ್ಲರೂ ಮಂದೂಬ್ ಕಾಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಕಚೇರಿಯ ಕಿಟಕಿಯ ಹಿಂದೆ ಕೂತವನಿಗೆ ಮೊದಲು ಅವನ ಮಕ್ಕಳ ಕ್ಷೇಮ ಕೇಳಬೇಕು, ಕಾಗದ ಆಮೇಲೆ. ಇದು ಕಾಕನ ಪದ್ಧತಿ. ಯಾರಾದರೂ ‘ಬುಕ್ರಾ’, ನಾಳೆ ಬಾ, ಎಂದರೆ ಮರುದಿನ ಅದೇ ಹೊತ್ತಿಗೆ ಅದೇ ಕಿಟಕಿಯ ಮುಂದೆ ನಿಂತಿರುತ್ತಿದ್ದರು. "ನಾಳೆ ಅಂದ್ರೆ ಇಲ್ಲ ಅಂತ ಅರ್ಥ ಅಲ್ಲ ಶೆಟ್ರೆ. ನಾವು ಹೋಗದಿದ್ರೆ ಇಲ್ಲ ಆಗ್ತದೆ, ಅಷ್ಟೇ."

ತೊಂಬತ್ತೊಂದರಲ್ಲಿ ಊರಿಗೆ ಹೋಗಿ ಮದುವೆಯಾಗಿ ಮರಳಿದ್ದೆ. ಕೆಲವೇ ತಿಂಗಳಲ್ಲಿ ಗೋದಾಮಿನಿಂದ ತಾಮ್ರದ ಕೇಬಲಿನ ಉರುಳೆಗಳು ಕಾಣೆಯಾದವು. ಕಂಪೆನಿಯ ಒಡೆಯ, ನಮ್ಮೆಲ್ಲರ ಕಫೀಲ್, ಪೊಲೀಸರಿಗೆ ದೂರು ಕೊಟ್ಟ. ಬೀಗದ ಕೈ ಇದ್ದದ್ದು ನನ್ನ ಹತ್ತಿರ, ಹಾಗಾಗಿ ಒಳಗೆ ಹೋದದ್ದೂ ನಾನೇ. ಒಂಬತ್ತನೆಯ ದಿನ ಕೇಬಲು ನಮ್ಮದೇ ಇನ್ನೊಂದು ಸೈಟಿನಲ್ಲಿ ಸಿಕ್ಕಿತು, ಯಾರೋ ಚೀಟಿ ಬರೆಯದೆ ಸಾಗಿಸಿದ್ದರು. ಕಫೀಲ್ ನಾಚಿಕೊಂಡು ‘ತನಾಜುಲ್’ ಬರೆದುಕೊಟ್ಟ, ದೂರನ್ನು ಬಿಟ್ಟುಕೊಟ್ಟಿದ್ದೇನೆ ಎನ್ನುವ ಕಾಗದ. ಅದನ್ನು ಕಂಕುಳಲ್ಲಿ ಅವುಚಿ ತಂದು ನನ್ನನ್ನು ಬಿಡಿಸಿದ್ದು ಕಾಕ. ಆ ಸಂಜೆ ಕಫೀಲ್ ಕುರಿ ಕಡಿಸಿದ. ನಾವೆಲ್ಲ ಒಂದೇ ಹರಿವಾಣದ ಸುತ್ತ ಕೂತೆವು. ನಾನು ಮಾಂಸ ಮುಟ್ಟದೆ ಕೂತದ್ದನ್ನು ಕಂಡು ಕಾಕ, "ತಿನ್ನಿ ಶೆಟ್ರೆ. ತನಾಜುಲ್ ಸಿಕ್ಕಿದ ಮೇಲೆ ಎಂತ ಕೇಸು? ಮುಗೀತು" ಎಂದರು.

ನಮ್ಮ ಕಡೆಯವರಿಗೆ ಹಾಗನ್ನಿಸುವುದು ಸಹಜ. ಊರಲ್ಲಿ ಎರಡು ಕಡೆಯವರು ಕೂತು ರಾಜಿಯಾದರೆ ಸ್ಟೇಷನ್ನಿನ ರಗಳೆ ಅಲ್ಲಿಗೇ ನಿಲ್ಲುತ್ತದೆ. ಸೌದಿಯಲ್ಲಿ ಹಾಗಲ್ಲ. ದೂರು ಕೊಟ್ಟವನ ಹಕ್ಕು ಬೇರೆ, ಸರ್ಕಾರದ ಹಕ್ಕು ಬೇರೆ. ದೂರು ಕೊಟ್ಟವನು ಕ್ಷಮಿಸಿದರೂ ಸರ್ಕಾರದ ಹಕ್ಕು ಹಾಗೇ ಉಳಿಯುತ್ತದೆ. ಅದನ್ನು ಕೋರ್ಟಿನಲ್ಲಿ ಮುಗಿಸಿಕೊಂಡು ಬೇರೆಯೇ ಕಾಗದ ಪಡೆಯಬೇಕು. ನಾವು ಕುರಿ ತಿಂದು ಸುಮ್ಮನಾದೆವು.

ಎರಡು ವರ್ಷ ಕಳೆದು ರಜೆ ಬಂತು. ಊರಲ್ಲಿ ಮಗಳಿಗೆ ಒಂದೂವರೆ ವರ್ಷ, ನಾನು ಕಂಡದ್ದು ಫೋಟೋದಲ್ಲಿ ಮಾತ್ರ. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟು ನೋಡುವವನು ಕಂಪ್ಯೂಟರ್ ನೋಡಿದ, ನನ್ನ ಮುಖ ನೋಡಿದ, ‘ಮತ್ಲೂಬ್’ ಎಂದ. ಪೊಲೀಸರಿಗೆ ಬೇಕಾದವನು ಎಂದರ್ಥ. ವಿಮಾನಕ್ಕೆ ಹಾಕಿದ್ದ ನನ್ನ ಪೆಟ್ಟಿಗೆಯನ್ನು ಇಳಿಸಿ ತಂದರು. ಅದರಲ್ಲಿ ಮಗಳ ಅಳತೆಯ ಆರು ಫ್ರಾಕುಗಳಿದ್ದವು.

ಮರುದಿನ ಕಾಕ ನನ್ನ ಕೋಣೆಗೆ ಬಂದರು. ಕುರ್ಚಿಯಿದ್ದರೂ ನೆಲದ ಮೇಲೆ ಕೂತರು. "ತಪ್ಪು ನಂದು ಶೆಟ್ರೆ. ಕೋರ್ಟಿನ ಕಾಗದ ಬೇಕು ಅಂತ ನಂಗೆ ಗೊತ್ತಿರ್ಲಿಲ್ಲ. ಗೊತ್ತಿರ್ಬೇಕಿತ್ತು. ನಾನೇ ಸರಿ ಮಾಡಿಸಿ ಕೊಡ್ತೇನೆ." ನಾನು ಚಹಾ ಬೇಕೇ ಎಂದೂ ಕೇಳಲಿಲ್ಲ.

ಕೋರ್ಟಿನ ದಾಖಲೆ ಪುಸ್ತಕದಲ್ಲಿ ನನ್ನ ಕೇಸಿನ ನಂಬರು ವಾರದೊಳಗೆ ಸಿಕ್ಕಿತು. ಫೈಲು ಸಿಗಲಿಲ್ಲ. ಕೋರ್ಟು ಹೊಸ ಕಟ್ಟಡಕ್ಕೆ ಬಂದಾಗ ಹಳೆಯ ಫೈಲುಗಳನ್ನು ಕಟ್ಟುಕಟ್ಟಾಗಿ ತಂದು ನೆಲಮಾಳಿಗೆಯಲ್ಲಿ ಒಟ್ಟಿದ್ದರು, ವರ್ಷವೂ ಇಲ್ಲ, ಕ್ರಮವೂ ಇಲ್ಲ. ನಂಬರು ಇರುವುದರಿಂದ ಕೇಸಿಲ್ಲ ಎಂದು ಬರೆದುಕೊಡುವ ಹಾಗಿಲ್ಲ. ಫೈಲು ಇಲ್ಲದ್ದರಿಂದ ಮುಗಿಸುವ ಹಾಗೂ ಇಲ್ಲ. "ಫೈಲು ತಾ, ಸಹಿ ಹಾಕುತ್ತೇನೆ" ಎಂದರು ನ್ಯಾಯಾಧೀಶರು.

ದಾಖಲೆ ಕೋಣೆಯ ಮುದುಕನ ಮಕ್ಕಳ, ಮೊಮ್ಮಕ್ಕಳ ಕ್ಷೇಮ ಕೇಳಿ ಕೇಳಿ ಕಾಕ ನೆಲಮಾಳಿಗೆಗೆ ಇಳಿಯುವ ಅನುಮತಿ ಗಿಟ್ಟಿಸಿದರು. ಪ್ರತಿ ಬುಧವಾರ ಮಧ್ಯಾಹ್ನದ ನಮಾಜು ಮುಗಿಸಿ ಕಚೇರಿ ಮುಚ್ಚುವವರೆಗೆ ಅಲ್ಲಿ ಕೂತು ಹುಡುಕುವುದು. ಒಮ್ಮೆ ನಾನೂ ಹೋಗಿದ್ದೆ. ಧೂಳಿಗೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕಾಕ ಒಂದೊಂದೇ ಕಟ್ಟನ್ನು ಬಿಚ್ಚುತ್ತಿದ್ದರು. ಪ್ರತಿ ಹೆಸರನ್ನೂ ತುಟಿಯಲ್ಲಾಡಿಸಿ ಓದಿ, ಮತ್ತೆ ಕಟ್ಟಿ, ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಅಂಕಿ ಬರೆಯುತ್ತಿದ್ದರು. ನೋಡಿದರೆ ಕನ್ನಡ ಅಂಕಿ. ೮೭, ೮೮, ೮೯.

"ಇದೆಂತ ಕಾಕ, ಕನ್ನಡದಲ್ಲಿ?"

"ಅರಬಿಯಲ್ಲಿ ಬರೆದ್ರೆ ಅವ್ರ ನಂಬರಿಗೆ ಬೆರಕೆ ಆಗ್ತದೆ, ಬೈತಾರೆ. ಇದು ಯಾರ ತಂಟೆಗೂ ಹೋಗುದಿಲ್ಲ."

ಅಷ್ಟೊಂದು ಕಟ್ಟುಗಳ ನಡುವೆ ನನ್ನ ಊರಿನ ಅಂಕಿಗಳನ್ನು ಕಂಡು ನನಗೆ ಖುಷಿಯಾಗಬೇಕಿತ್ತು. ಆದರೆ ಉಳಿದ ರಾಶಿಯನ್ನು ನೋಡಿ ಮೆಟ್ಟಿಲು ಹತ್ತಿ ಹೊರಗೆ ಬಂದುಬಿಟ್ಟೆ. ಮತ್ತೆ ಅಲ್ಲಿಗೆ ಕಾಲಿಡಲಿಲ್ಲ.

ನಾನು ಮೂಗಿನ ತುದಿಯಲ್ಲಿ ಕೋಪ ಇರುವ ಮನುಷ್ಯ. ತೊಂಬತ್ತೈದರಲ್ಲಿ ಹೆಂಡತಿ ಫೋನಿನಲ್ಲಿ ಮಗಳ ಕೈಗೆ ರಿಸೀವರ್ ಕೊಟ್ಟಳು. ಮಗು ಮಾತಾಡಲಿಲ್ಲ. "ನಾಚಿಕೆ ಅವಳಿಗೆ" ಎಂದಳು ಹೆಂಡತಿ. ಅದೇ ದಿನ ಕಾಕ ಬಂದು ಈ ವಾರವೂ ಸಿಗಲಿಲ್ಲ ಎಂದರು. ಹತ್ತು ಜನರ ಎದುರು ಅವರ ಕಂಕುಳಿನಿಂದ ಫೈಲು ಕಿತ್ತು ಗೋಡೆಗೆ ಎಸೆದೆ. "ನಿಮ್ಗೆಂತ ಕಾಕ! ರಜೆ ಬಂದ್ರೆ ವಿಮಾನ ಹತ್ತಿ ಮನೆಗೆ ಹೋಗ್ತೀರಿ. ಇಲ್ಲಿ ಕೊಳೆಯುದು ನಾನು!" ಅವರು ಬಗ್ಗಿ ಕಾಗದಗಳನ್ನು ಹೆಕ್ಕಿದರು. ಕ್ರಮವಾಗಿ ಜೋಡಿಸಿದರು. "ಬುಧವಾರ ಮತ್ತೆ ನೋಡ್ತೇನೆ" ಎಂದು ಹೊರಟುಹೋದರು. ಇವತ್ತಿಗೂ ಆ ಕಾಗದಗಳು ಬಿದ್ದ ಸದ್ದು ನೆನಪಾದರೆ ನನ್ನ ಮೇಲೆ ನನಗೇ ಹೇಸಿಗೆ.

ತೊಂಬತ್ತಾರರಲ್ಲಿ ಕಾಕ ತೀರಿಕೊಂಡರು. ಕ್ಯಾಂಪಿನ ಊಟದ ಕೋಣೆಯಲ್ಲಿ, ಅನ್ನದ ಮುಂದೆ ಕೂತಲ್ಲೇ. ಅಲ್ಲೇ ಮಣ್ಣು ಮಾಡಿದರು. ನಾನು ಖಬರಸ್ತಾನದ ಗೇಟಿನ ಹೊರಗೆ ನಿಂತಿದ್ದೆ.

ಕಾನ್ಸುಲೇಟಿನ ಫಾರಂ ತುಂಬಿಸಲು ಕಂಪೆನಿಯ ತಿಜೋರಿಯಿಂದ ಅವರ ಪಾಸ್‌ಪೋರ್ಟು ತೆಗೆದು ನನ್ನ ಕೈಗೆ ಕೊಟ್ಟರು. ಊರಿಗೆ ಹೋಗಿಬರುವ ವೀಸಾ ಎರಡು ಸಲ ಬಿದ್ದಿತ್ತು, ತೊಂಬತ್ತನಾಲ್ಕರಲ್ಲಿ ಒಮ್ಮೆ, ತೀರಿಕೊಂಡ ವರ್ಷ ಇನ್ನೊಮ್ಮೆ. ಎರಡರ ಮೇಲೂ ಹೊರಟ ಮುದ್ರೆ ಇರಲಿಲ್ಲ. ಮ್ಯಾನೇಜರನ್ನು ಕೇಳಿದೆ. "ತಾನು ಹೋದರೆ ಬದಲಿ ಮಂದೂಬ್ ಬರುತ್ತಾನೆ, ಅವನು ಆ ನೆಲಮಾಳಿಗೆಗೆ ಇಳಿಯುವುದಿಲ್ಲ ಎಂದು ರಜೆ ಬಿಟ್ಟ" ಎಂದ. ಮೂರು ವರ್ಷ ದಿನವೂ ಕಣ್ಣೆದುರಿಗಿದ್ದ ಮನುಷ್ಯ ಊರಿಗೆ ಹೋಗಲಿಲ್ಲ ಎನ್ನುವುದು ನನ್ನ ಗಮನಕ್ಕೇ ಬಂದಿರಲಿಲ್ಲ.

ಅವರ ನಂತರ ಯಾರೂ ಹುಡುಕಲಿಲ್ಲ. ನಾನೂ ಆಸೆ ಬಿಟ್ಟೆ. ತೊಂಬತ್ತೆಂಟರಲ್ಲಿ ಹೊಸ ನ್ಯಾಯಾಧೀಶರೊಬ್ಬರು ಬಂದು, ಮುಗಿಯದ ಹಳೆಯ ಕೇಸಿನವರನ್ನೆಲ್ಲ ಕರೆಸಿದರು. ತನಾಜುಲ್ ಓದಿದರು, ಕಫೀಲನನ್ನು ಕರೆಸಿ ಹೌದೇ ಎಂದು ಕೇಳಿದರು, ಫೈಲಿನ ಮಾತೇ ಎತ್ತದೆ ಕೇಸು ಮುಗಿದ ಕಾಗದಕ್ಕೆ ಸಹಿ ಹಾಕಿದರು. ಕಾಲು ಗಂಟೆಯ ಕೆಲಸ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಬಿಡುಗಡೆಯ ಸಂತೋಷ ಹುಡುಕಿದರೂ ಸಿಗಲಿಲ್ಲ.

ಊರಿಗೆ ಬಂದೆ. ಏಳರ ಹತ್ತಿರದ ಮಗಳು ಬಾಗಿಲಲ್ಲಿ ನಿಂತು, ಕೂತುಕೊಳ್ಳಿ, ಅಮ್ಮನನ್ನು ಕರೆಯುತ್ತೇನೆ ಎಂದು ನನಗೇ ಉಪಚಾರ ಮಾಡಿದಳು.

ಮೂರನೆಯ ದಿನ, ಕಾನ್ಸುಲೇಟಿನಿಂದ ರದ್ದಾಗಿ ಮರಳಿ ನನ್ನ ಹತ್ತಿರವೇ ಉಳಿದಿದ್ದ ಕಾಕನ ಪಾಸ್‌ಪೋರ್ಟು ಕೊಡಲು ಉಳ್ಳಾಲಕ್ಕೆ ಹೋದೆ. ಅವರ ಹೆಂಡತಿ ಪರದೆಯ ಆಚೆಗೇ ಕೂತಿದ್ದರು. ನಾನು ಹೆಸರು ಹೇಳಿದ್ದೇ ತಡ, ಬೇರೇನೂ ಕೇಳದೆ, "ಫೈಲು ಸಿಕ್ಕಿತಾ ಶೆಟ್ರೆ?" ಎಂದರು.

"ಸಿಕ್ಕಿತು" ಎಂದೆ. "ಕಾಕ ಹುಡುಕಿಟ್ಟ ಕಟ್ಟಿನಲ್ಲೇ ಇತ್ತು. ಅದರಿಂದಲೇ ಬಂದೆ."

ಪರದೆಯ ಅಂಚಿನಿಂದ ಕೈ ಚಾಚಿ ಪಾಸ್‌ಪೋರ್ಟು ತೆಗೆದುಕೊಂಡರು.

"ನಾಲ್ಕು ವರ್ಷ ಮನೆಗೆ ಬರ್ಲಿಲ್ಲ ಅಂತ ಅವ್ರ ಮೇಲೆ ನಂಗೆ ಸಿಟ್ಟಿತ್ತು" ಎಂದರು. "ಇನ್ನು ಸಿಟ್ಟಿಲ್ಲ."